ರಗ್ಬಿ ಲೀಗ್ ವಿಂಗರ್ ಒಬ್ಬನ ಆಟದ ಬದುಕನ್ನು ಬರೆಯುವ ಕ್ರಮ

ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಯುವಕ ಸಂಘಗಳು ವಾರ್ಷಿಕೋತ್ಸವಕ್ಕೆ ಹೊರತರುವ ಸ್ಮರಣ ಸಂಚಿಕೆಗಳಲ್ಲಿ ಊರಿನ ಕಬಡ್ಡಿ ಆಟಗಾರರ ಜತೆಗೆ ದೂರದೇಶದ ಆಟಗಾರನೊಬ್ಬನ ಪರಿಚಯವನ್ನೂ ಕೊಡಬೇಕೆನ್ನುವವರಿಗಾಗಿ ಈ ಟಿಪ್ಪಣಿ. ಉದಾಹರಣೆಗೆ ನಾನು ಆರಿಸಿಕೊಂಡವನು 1950ರ ದಶಕದ ಇಂಗ್ಲಿಷ್ ವಿಂಗರ್, ಅಂದರೆ ಮೈದಾನದ ಅಂಚಿನಲ್ಲಿ ಆಡುವವನು, ಮಿಕ್ ಸಲಿವನ್. ಗ್ರೇಟ್ ಬ್ರಿಟನ್ ಪರ 46 ಟೆಸ್ಟ್ (ಅಂತರರಾಷ್ಟ್ರೀಯ ಪಂದ್ಯ) ಆಡಿ 41 ಟ್ರೈ (ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸುವುದು) ಗಳಿಸಿದವನು ಎಂಬ ಒಂದು ವಾಕ್ಯದಲ್ಲಿ ಅವನನ್ನು ಮುಗಿಸಿಬಿಡುವುದು ಸುಲಭ. ಆದರೆ ಆ ಸಂಖ್ಯೆಗೆ ಎಷ್ಟು ತೂಕವಿದೆ ಎಂಬುದು ಆಟದ ಅಂದಿನ ನಿಯಮ ಗೊತ್ತಿಲ್ಲದ ಓದುಗನಿಗೆ ತಿಳಿಯುವುದಿಲ್ಲ.

ಆದ್ದರಿಂದ ಮೊದಲು ಆಟವನ್ನು ವಿವರಿಸಿ. ನಮ್ಮ ಓದುಗರಿಗೆ ಕಬಡ್ಡಿಯೇ ಒಳ್ಳೆಯ ದಾರಿ: ಕಬಡ್ಡಿಯಲ್ಲಿ ಹಿಡಿತಕ್ಕೆ ಸಿಕ್ಕ ದಾಳಿಗಾರ ಹೊರಗೆ ಹೋಗುತ್ತಾನೆ, ರಗ್ಬಿ ಲೀಗ್‌ನಲ್ಲಿ ಹಿಡಿತಕ್ಕೆ ಸಿಕ್ಕವನು ಎದ್ದುನಿಂತು ಚೆಂಡನ್ನು ಕಾಲಿನಿಂದ ಹಿಂದಕ್ಕೆ ತಳ್ಳಿ ಆಟವನ್ನು ಮುಂದುವರಿಸುತ್ತಾನೆ. ಹೀಗೆ ಎಷ್ಟು ಸಲ ಸಿಕ್ಕಿಬಿದ್ದ ಮೇಲೆ ಚೆಂಡನ್ನು ಎದುರಾಳಿಗೆ ಬಿಟ್ಟುಕೊಡಬೇಕು ಎಂಬ ಮಿತಿ ಇಂಗ್ಲೆಂಡಿನಲ್ಲಿ 1966ರವರೆಗೆ ಇರಲೇ ಇಲ್ಲ. ಮುಂಚೂಣಿಯ ಆಟಗಾರರು ಚೆಂಡನ್ನು ತಮ್ಮಲ್ಲೇ ಇಟ್ಟುಕೊಂಡು ಹೆಜ್ಜೆ ಹೆಜ್ಜೆಯಾಗಿ ಮುನ್ನುಗ್ಗುತ್ತಿದ್ದರೆ, ಅಂಚಿನ ಗೆರೆಯ ಬಳಿ ನಿಂತ ವಿಂಗರ್ ಬಹಳ ಹೊತ್ತು ಬರಿಗೈಯಲ್ಲಿ ಕಾಯಬೇಕಾಗುತ್ತಿತ್ತು. ಸಲಿವನ್‌ನ 41 ಟ್ರೈಗಳು ಅಂಥ ಕಾಲದವು; ಇದನ್ನು ಹೇಳದೆ ಆ ಸಂಖ್ಯೆಯನ್ನು ಅಚ್ಚಿಸಬೇಡಿ.

ಅಂಕಗಳ ಲೆಕ್ಕವನ್ನು ನಿಜವಾದ ಒಂದು ಪಂದ್ಯದಿಂದಲೇ ತೋರಿಸಿ. 1958ರಲ್ಲಿ ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ನಡೆದ ಚಾಲೆಂಜ್ ಕಪ್ (ಕ್ಲಬ್‌ಗಳ ನಾಕೌಟ್ ಪಂದ್ಯಾವಳಿ) ಫೈನಲ್‌ನಲ್ಲಿ ಸಲಿವನ್ ಇದ್ದ ವಿಗನ್ ತಂಡ ವರ್ಕಿಂಗ್ಟನ್ ಟೌನ್ ತಂಡವನ್ನು 13–9ರಿಂದ ಸೋಲಿಸಿತು. ಟ್ರೈಗೆ ಆಗ 3 ಅಂಕ, ಚೆಂಡನ್ನು ಒದ್ದು ಕಂಬಗಳ ನಡುವೆ ಅಡ್ಡಪಟ್ಟಿಯ ಮೇಲಿಂದ ದಾಟಿಸುವ ಗೋಲಿಗೆ 2. ಮೂರು ಟ್ರೈ, ಎರಡು ಗೋಲು ಸೇರಿ 13. ಇಂದಿನ 4 ಅಂಕದ ಟ್ರೈಯನ್ನು ಮನಸ್ಸಿನಲ್ಲಿಟ್ಟುಕೊಂಡು ಓದುವವನಿಗೆ ಹಳೆಯ ಫಲಿತಾಂಶಗಳು ತಾಳೆಯಾಗುವುದಿಲ್ಲ.

ಮುಂದಿನದು ದುಡ್ಡಿನ ವಿಷಯ. ಇದನ್ನು ಸಂಕೋಚವಿಲ್ಲದೆ ಬರೆಯಿರಿ, ಏಕೆಂದರೆ ಈ ಆಟ ಹುಟ್ಟಿದ್ದೇ ಕೂಲಿಯ ಪ್ರಶ್ನೆಯಿಂದ. ಶನಿವಾರದ ಪಂದ್ಯಕ್ಕಾಗಿ ಗಣಿಯ ಅಥವಾ ಗಿರಣಿಯ ಕೆಲಸ ಬಿಟ್ಟುಬರುವವನಿಗೆ ತಪ್ಪಿಹೋದ ಸಂಬಳವನ್ನು ಕಟ್ಟಿಕೊಡಬೇಕೇ ಎಂಬ ಜಗಳವೇ ಬೆಳೆದು 1895ರಲ್ಲಿ ಉತ್ತರ ಇಂಗ್ಲೆಂಡಿನ ಕ್ಲಬ್‌ಗಳು ಹಡರ್ಸ್‌ಫೀಲ್ಡ್‌ನಲ್ಲಿ ಸೇರಿ ಪ್ರತ್ಯೇಕ ಒಕ್ಕೂಟ ಕಟ್ಟಿದವು. ದಿನಗೂಲಿ ಬಿಟ್ಟು ಪಂದ್ಯಾಟಕ್ಕೆ ಹೋಗುವ ಹುಡುಗರನ್ನು ಕಂಡಿರುವ ನಮ್ಮ ಊರುಗಳಿಗೆ ಈ ನೋವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ಹಡರ್ಸ್‌ಫೀಲ್ಡ್‌ನ ತಂಡದಿಂದ ಸಲಿವನ್ 1957ರಲ್ಲಿ, ಅಂದರೆ ಕಾಸರಗೋಡು ಕೇರಳಕ್ಕೆ ಸೇರಿದ ಮರುವರ್ಷ, 9,500 ಪೌಂಡಿಗೆ ವಿಗನ್ ಸೇರಿದ. 1961ರಲ್ಲಿ 11,000 ಪೌಂಡಿಗೆ ಸೇಂಟ್ ಹೆಲೆನ್ಸ್‌ಗೆ ಹೋದ. ಎರಡೂ ಅಂದಿಗೆ ದಾಖಲೆಯ ಮೊತ್ತಗಳು. ಈ ಹಣ ಕ್ಲಬ್ಬಿನಿಂದ ಕ್ಲಬ್ಬಿಗೆ ಸಂದದ್ದೇ ಹೊರತು ಆಟಗಾರನ ಸಂಬಳವಲ್ಲ ಎಂಬುದನ್ನು ಅದೇ ವಾಕ್ಯದಲ್ಲಿ ತಿಳಿಸಿ. ವಿಗನ್ ಜತೆ 1958 ಮತ್ತು 1959ರಲ್ಲಿ, ಸೇಂಟ್ ಹೆಲೆನ್ಸ್ ಜತೆ 1961ರಲ್ಲಿ ಅವನಿಗೆ ಚಾಲೆಂಜ್ ಕಪ್ ಒಲಿಯಿತು; ಕೊನೆಯ ಗೆಲುವು ಹಿಂದಿನ ತಂಡವಾದ ವಿಗನ್ ವಿರುದ್ಧವೇ ಬಂದದ್ದು.

ಅಂತರರಾಷ್ಟ್ರೀಯ ಆಟಕ್ಕೆ ಹೆಚ್ಚು ಜಾಗ ಕೊಡಿ. 1954ರಲ್ಲಿ ಫ್ರಾನ್ಸಿನಲ್ಲಿ ನಡೆದ ಮೊದಲ ವಿಶ್ವಕಪ್‌ನಲ್ಲಿ ಬ್ರಿಟನ್ ಆತಿಥೇಯರನ್ನು 16–12ರಿಂದ ಮಣಿಸಿದಾಗ ಸಲಿವನ್‌ಗೆ 20 ವರ್ಷ. 1960ರಲ್ಲಿ ಕಪ್ ಗೆದ್ದ ತಂಡದಲ್ಲೂ ಅವನಿದ್ದ. 1958ರ ಆಸ್ಟ್ರೇಲಿಯಾ–ನ್ಯೂಜಿಲೆಂಡ್ ಪ್ರವಾಸವೊಂದರಲ್ಲೇ ಅವನು 38 ಟ್ರೈ ಗಳಿಸಿದ. ಇಲ್ಲಿ ಎಚ್ಚರ ಬೇಕು: ಈ 38ರಲ್ಲಿ ಪ್ರಾಂತ್ಯ ಮತ್ತು ಸ್ಥಳೀಯ ತಂಡಗಳ ಎದುರಿನ ಟ್ರೈಗಳೂ ಸೇರಿವೆ, 41 ಎಂಬುದು ಟೆಸ್ಟ್‌ಗಳದು ಮಾತ್ರ, ಎರಡನ್ನೂ ಒಂದೇ ಸಾಲಿನಲ್ಲಿ ತುರುಕಿದರೆ ಓದುಗ ದಾರಿ ತಪ್ಪುತ್ತಾನೆ. ಅದೇ ಪ್ರವಾಸದ ಬ್ರಿಸ್ಬೇನ್ ಟೆಸ್ಟ್‌ನಲ್ಲಿ ನಾಯಕ ಅಲನ್ ಪ್ರೆಸ್ಕಾಟ್ ಆರಂಭದ ನಿಮಿಷಗಳಲ್ಲೇ ಮುಂಗೈ ಮೂಳೆ ಮುರಿದುಕೊಂಡೂ ಕೊನೆಯವರೆಗೆ ಮೈದಾನ ಬಿಡಲಿಲ್ಲ, ಏಕೆಂದರೆ ಬದಲಿ ಆಟಗಾರನನ್ನು ಇಳಿಸಲು ಆಗ ಅವಕಾಶವಿರಲಿಲ್ಲ. ಬ್ರಿಟನ್ 25–18ರಿಂದ ಗೆದ್ದಿತು. ಸಲಿವನ್ ಎಂಥವರ ಜತೆ, ಎಂಥ ಕಟ್ಟುಪಾಡಿನಲ್ಲಿ ಆಡಿದ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ತೋರುವುದಿಲ್ಲ.

ಓಟವನ್ನಷ್ಟೇ ಹೊಗಳಿ ನಿಲ್ಲಿಸಬೇಡಿ. ಸಲಿವನ್ ಎದುರಾಳಿಯನ್ನು ಮುಲಾಜಿಲ್ಲದೆ ಕೆಡವುವುದಕ್ಕೂ ಅಷ್ಟೇ ಹೆಸರಾದವನು, ಮತ್ತು ಹಿಡಿತದ ಬೆಲೆ ಬಲ್ಲ ಕಬಡ್ಡಿಯ ನಾಡಿನಲ್ಲಿ ಇದನ್ನು ಬಿಟ್ಟರೆ ಲೇಖನ ಅರ್ಧವಾಗುತ್ತದೆ. ವಿಗನ್‌ನಲ್ಲಿ ಇನ್ನೊಂದು ಅಂಚನ್ನು ಕಾಯುತ್ತಿದ್ದ ವೇಲ್ಸ್‌ನ ಬಿಲ್ಲಿ ಬೋಸ್ಟನ್ ಹೆಸರನ್ನೂ ಸೇರಿಸಿ. ಟೆಸ್ಟ್ ಬದುಕು 1963ಕ್ಕೆ ಮುಗಿಯಿತೆಂದು ಅಲ್ಲಿಗೇ ಕೈಬಿಡದೆ, ಯಾರ್ಕ್, ಡ್ಯೂಸ್ಬರಿ ತಂಡಗಳಲ್ಲಿ ಆಡಿದ ವರ್ಷಗಳಿಗೂ, 2016ರಲ್ಲಿ ಅವನು ತೀರಿಕೊಂಡದ್ದಕ್ಕೂ ಒಂದೆರಡು ಸಾಲು ಮೀಸಲಿಡಿ.