ಹನ್ನೆರಡು ಕೊಡಗಳ ಯುದ್ಧ: ಗಿದ್ಯೋನನ ರಾತ್ರಿ ಆಡಿಸಿದ ನನ್ನ ಅನುಭವ

ಬೈಬಲಿನಲ್ಲಿ ಗಿದ್ಯೋನ ಅನ್ನುವ ಇಸ್ರಾಯೇಲ್ಯರ ನಾಯಕ ಮುನ್ನೂರೇ ಜನರೊಂದಿಗೆ, ಖಾಲಿ ಕೊಡಗಳೊಳಗೆ ಪಂಜು ಬಚ್ಚಿಟ್ಟುಕೊಂಡು ಹೋಗಿ, ರಾತ್ರಿ ಕೊಡ ಒಡೆದು ಶತ್ರುಗಳಾದ ಮಿದ್ಯಾನ್ಯರ ದೊಡ್ಡ ಪಾಳೆಯವನ್ನು ಓಡಿಸಿದ ಕತೆ ಇದೆ. ಆ ಯುದ್ಧವನ್ನು ಹನ್ನೆರಡೇ ಹುಡುಗರಿಂದ ನಾಟಕವಾಗಿ ಆಡಿಸುತ್ತೇನೆ ಅಂದಾಗ ನಮ್ಮ ಚರ್ಚಿನ ಸಭೆಯಲ್ಲಿ ಯಾರೂ ಒಪ್ಪಲಿಲ್ಲ. "ಯುದ್ಧ ಅಂದ್ರೆ ಜನ ತುಂಬಿರಬೇಕಲ್ವಾ ಮಾಸ್ತರೇ?" ಅಂದರು. ಅದಕ್ಕೂ ಮೊದಲು ಎರಡು ವರ್ಷ ನಾನೂ ಹಾಗೇ ಮಾಡಿದ್ದೆ. ಸಂಡೇ ಸ್ಕೂಲಿನ ಅರವತ್ತು ಮಕ್ಕಳು, ರಟ್ಟಿನ ಕತ್ತಿ, ಬಾಡಿಗೆ ಉಡುಪು. ಎಂಟು ಸಾವಿರದ ಹತ್ತಿರ ಖರ್ಚಾಯಿತು. ಕತ್ತಿ ಬೀಸುವ ಗಲಾಟೆಯಲ್ಲಿ ಕತೆಯೇ ಕಾಣಲಿಲ್ಲ.

ಬೇಜಾರಾಗಿ ಈ ಕತೆ ಬರುವ ಬೈಬಲಿನ ನ್ಯಾಯಸ್ಥಾಪಕರು ಪುಸ್ತಕದ ಏಳನೇ ಅಧ್ಯಾಯ ಮತ್ತೆ ಓದಿದೆ. ಆ ಮುನ್ನೂರು ಜನರಿಗೆ ಕತ್ತಿ ಹಿಡಿಯಲು ಕೈಯೇ ಖಾಲಿ ಇಲ್ಲ! ಎಡಗೈಯಲ್ಲಿ ಪಂಜು, ಬಲಗೈಯಲ್ಲಿ ಕೊಂಬು. ಕತ್ತಿ ಇದ್ದದ್ದು ಅವರ ಕೂಗಿನಲ್ಲಿ ಮಾತ್ರ. ಅಂದೇ ರಟ್ಟಿನ ಕತ್ತಿಗಳನ್ನೆಲ್ಲ ಮೂಲೆಗೆ ಹಾಕಿದೆ.

ಹೊಸ ಕ್ರಮದಲ್ಲಿ ಅರವತ್ತೂ ಮಕ್ಕಳನ್ನು ಮೊದಲು ಜನರ ಮುಂದೆ ನಿಲ್ಲಿಸಿದೆ. ಹೆದರಿದವರು ಮನೆಗೆ ಹೋಗಿ ಅಂದೊಡನೆ ನಲವತ್ತು ಮಕ್ಕಳು ಹೊರಟರು. ಗಿದ್ಯೋನನ ದಂಡಿನ ಮೂವತ್ತೆರಡು ಸಾವಿರದಲ್ಲಿ ಇಪ್ಪತ್ತೆರಡು ಸಾವಿರ ಹೀಗೇ ಹೋದ ಲೆಕ್ಕ ಹೆಚ್ಚುಕಡಿಮೆ ಅಷ್ಟೇ. ಆಮೇಲೆ, ಗಿದ್ಯೋನ ತನ್ನವರನ್ನು ನೀರು ಕುಡಿಸಿ ಆರಿಸಿದ ಹರೋದಿನ ಬುಗ್ಗೆ ಅಂತ ಒಂದು ಕೊಳಗ ನೀರು. ಮೊಣಕಾಲೂರಿ ಕುಡಿದವರೂ ಹೋದರು, ನೀರನ್ನು ಕೈಯಲ್ಲಿ ಎತ್ತಿ ನೆಕ್ಕಿದ ಹನ್ನೆರಡು ಹುಡುಗರು ಉಳಿದರು. ಮೊದಲ ಸಲ ಕೆಲವು ತಾಯಂದಿರು ಮುನಿಸಿಕೊಂಡರು, ನಮ್ಮ ಮಗುವನ್ನು ಯಾಕೆ ಕಳಿಸಿದಿರಿ ಅಂತ. ಅದಕ್ಕೆ ಉತ್ತರ ಎಂಟನೇ ವಚನದಲ್ಲೇ ಇತ್ತು. ಹೋಗುವವರ ಬುತ್ತಿ, ಕೊಂಬು ಉಳಿದವರ ಕೈ ಸೇರುತ್ತವೆ. ಹಾಗಾಗಿ ಹೋಗುವ ಪ್ರತಿ ಮಗುವೂ ತನ್ನ ಕೊಂಬನ್ನೋ ಬುತ್ತಿಯನ್ನೋ ಕೊಟ್ಟು ಹೋಗುವಂತೆ ಮಾಡಿದೆ. ಎಲ್ಲರಿಗೂ ಪಾಲು ಸಿಕ್ಕಿತು.

ಜಾಸ್ತಿ ಕಾಡಿದ್ದು ಕೊಡಗಳು. ಸಂತೆಯಿಂದ ತಂದವು ಚೆನ್ನಾಗಿ ಬೆಂದವು, ಒಂದೇ ಪೆಟ್ಟಿಗೆ ಒಡೆಯಲಿಲ್ಲ. ಒಬ್ಬ ಹುಡುಗನ ಬೆರಳು ಸೀಳಿತು. ಆಮೇಲೆ ಕುಂಬಾರರ ಮನೆಗೇ ಹೋಗಿ ಅರೆಬೆಂದವನ್ನು ಕೇಳಿ ತಂದೆ. ಆಗ ಒಂದಕ್ಕೆ ಇಪ್ಪತ್ತೈದು ರೂಪಾಯಿ ಇದ್ದಿರಬೇಕು. ಅಭ್ಯಾಸದಲ್ಲೇ ನಲವತ್ತು ಒಡೆದವು. ಪಂಜು ಇನ್ನೂ ಕಷ್ಟ. ಸೀಮೆಎಣ್ಣೆ ಹಾಕಿದರೆ ಕೊಡದೊಳಗೆ ಹೊಗೆ ತುಂಬಿ ಆರಿಹೋಗುತ್ತದೆ. ಹಳೇ ಹತ್ತಿ ಬಟ್ಟೆಗೆ ಹೊಂಗೆ ಎಣ್ಣೆ ಹಾಕಿದ ಮೇಲೆ ಒಳಗೆ ಮೆಲ್ಲಗೆ ಕನಲುತ್ತಾ ಉಳಿಯಿತು, ಕೊಡ ಒಡೆದು ಗಾಳಿ ಸಿಕ್ಕ ಕೂಡಲೇ ಭಗ್ಗನೆ ಹತ್ತಿಕೊಂಡಿತು. ಬಟ್ಟೆ ಸುತ್ತುವ ರೀತಿಯಲ್ಲಿ ಒಂದು ಗುಟ್ಟಿದೆ, ಅದು ನನ್ನಲ್ಲೇ ಇರಲಿ. ಕೊಡ, ಪಂಜು, ಕೊಂಬು ಮೂರನ್ನೂ ಎರಡೇ ಕೈಯಲ್ಲಿ ಸಂಭಾಳಿಸುವುದನ್ನೂ ನೀವೇ ಒದ್ದಾಡಿ ಕಂಡುಕೊಳ್ಳಿ. ಪಂಜನ್ನು ದೊಡ್ಡ ಹುಡುಗರಿಗೆ ಮಾತ್ರ ಕೊಡಿ, ಪಕ್ಕದಲ್ಲಿ ಒದ್ದೆ ಗೋಣಿಚೀಲ ಇರಲೇಬೇಕು.

ನಡುವೆ ಉಣ್ಣೆಯ ಪರೀಕ್ಷೆಯನ್ನೂ ಮಾಡಿ ನೋಡಿದೆ. ಯುದ್ಧಕ್ಕೆ ಮೊದಲು ಗಿದ್ಯೋನ ದೇವರಲ್ಲಿ ಗುರುತು ಕೇಳಿದ್ದ: ಒಂದು ರಾತ್ರಿ ಮಂಜಿನಿಂದ ಉಣ್ಣೆ ಮಾತ್ರ ಒದ್ದೆಯಾಗಬೇಕು, ಮರುರಾತ್ರಿ ನೆಲ ಮಾತ್ರ. ಕುರುಬರಿಂದ ಎರಡು ಹಿಡಿ ಉಣ್ಣೆ ತಂದು ಮಾಗಿ ಚಳಿಯಲ್ಲಿ ಅಂಗಳದಲ್ಲಿ ಹರಡಿದೆ. ಬೆಳಗ್ಗೆ ಉಣ್ಣೆ ಒದ್ದೆ. ಹಿಂಡಿದರೆ ಅರ್ಧ ಲೋಟವೂ ಬರಲಿಲ್ಲ, ಗಿದ್ಯೋನನಿಗೆ ಬಟ್ಟಲು ತುಂಬ ಬಂದಿತ್ತು. ನೆಲ ಒದ್ದೆ, ಉಣ್ಣೆ ಒಣ ಅನ್ನುವ ಎರಡನೇ ಗುರುತು ಹತ್ತು ರಾತ್ರಿ ಇಟ್ಟರೂ ಒಮ್ಮೆಯೂ ಆಗಲಿಲ್ಲ. ಅವನು ಎರಡನೇ ಸಲ ಅದನ್ನೇ ಯಾಕೆ ಕೇಳಿದ ಅಂತ ಆಗ ಅರ್ಥವಾಗಿ ಮೈ ಜುಮ್ಮೆಂದಿತು.

ಕಡೆಗೆ ಬೇಸಿಗೆ ರಜೆಯ ಕೊನೇ ರಾತ್ರಿ. ಬೈಬಲಿನಲ್ಲಿ ನಡುಜಾವದ ಕಾವಲುಗಾರರು ಆಗಷ್ಟೇ ಬದಲಾಗಿದ್ದ ಹೊತ್ತು. ನಾವು ಒಂಬತ್ತಕ್ಕೆ ಚರ್ಚಿನ ಅಂಗಳದ ದೀಪಗಳನ್ನೆಲ್ಲ ಆರಿಸಿದೆವು. ಮೂರು ಕಡೆ ನಾಲ್ಕು ನಾಲ್ಕು ಹುಡುಗರು, ನಡುವೆ ಕೂತ ಜನರೇ ಮಿದ್ಯಾನ್ಯರ ಪಾಳೆಯ. ಎರಡು ನಿಮಿಷ ಸುಮ್ನೆ ಕತ್ತಲು. ಆಮೇಲೆ ಕೊಂಬು, ಕೊಡ ಒಡೆದ ಸದ್ದು, ಸುತ್ತಲೂ ಬೆಂಕಿ, "ಯೆಹೋವನಿಗಾಗಿ, ಗಿದ್ಯೋನನಿಗಾಗಿ ಕತ್ತಿ" ಅನ್ನುವ ಕೂಗು. ಕೂತವರು ಎದ್ದೇ ನಿಂತರು. ಮೊದಲು ಬೇಡ ಅಂದಿದ್ದ ಹಿರಿಯರೊಬ್ಬರು ನನ್ನ ತೋಳು ಹಿಡಿದು ಕೇಳಿದರು, "ಎಷ್ಟು ಹುಡುಗರನ್ನ ನಿಲ್ಲಿಸಿದ್ರಿ? ಐವತ್ತಾದ್ರೂ ಇದ್ದಾರಲ್ಲ?"

ಹನ್ನೆರಡು ಅಂದೆ. ಅವರು ನಂಬಲಿಲ್ಲ. ಹುಡುಗರನ್ನು ಕರೆದು ಸಾಲಾಗಿ ನಿಲ್ಲಿಸಿ ಎಣಿಸಿ ತೋರಿಸಬೇಕಾಯಿತು.