ನಮ್ಮ ಸೆಕೆಗೆ ಹೊಂದುವ ಬಿಯರ್ ಮಾಡಿ

ಮನೆಯಲ್ಲಿ ಪದೇ ಪದೇ ಬಿಯರ್ ಮಾಡುವವರಿಗೆ ಒಂದು ಮಾತು. ಮಂಗಳೂರಿನ ಸೆಕೆಯಲ್ಲಿ ಸುಮ್ನೆ ಲಾಗರ್ ಹಿಂದೆ ಹೋಗಬೇಡಿ. ಆ ಬಗೆಯ ಬಿಯರ್ ಹುಳಿಯಲು ಸುಮಾರು 10 ಡಿಗ್ರಿ ತಂಪು ಬೇಕು, ವಾರಗಟ್ಟಲೆ ಒಂದು ಫ್ರಿಜ್ಜೇ ಬಿಟ್ಟುಕೊಡಬೇಕು.

ನಾನು ಮತ್ತೆ ಮತ್ತೆ ಮಾಡುವುದು ಸೈಸಾನ್. ಬೆಲ್ಜಿಯಂನ ಹಳ್ಳಿ ಕಡೆಯ ಬಿಯರ್ ಅದು. ಅದರ ಯೀಸ್ಟ್ 28-30 ಡಿಗ್ರಿಯಲ್ಲೂ ಖುಷಿಯಾಗಿ ಕೆಲಸ ಮಾಡುತ್ತದೆ, ಕಾಳುಮೆಣಸಿನಂಥ ಪರಿಮಳ ಬಿಡುತ್ತದೆ, ಕೊನೆಗೆ ನಾಲಿಗೆಯಲ್ಲಿ ಸಿಹಿ ಉಳಿಯುವುದೇ ಇಲ್ಲ, ಹಾಗಾಗಿ ಕಾಣೆ ಮೀನಿನ ಫ್ರೈ ಜೊತೆ ಇದರಷ್ಟು ಹೊಂದುವುದು ಬೇರೆ ಇಲ್ಲ. ಏಪ್ರಿಲ್, ಮೇ ತಿಂಗಳಿಗೆ ನಾರ್ವೆಯ ಕ್ವೈಕ್ ಯೀಸ್ಟ್ ಒಳ್ಳೆಯದು, 35 ಡಿಗ್ರಿಗೂ ಹೆದರುವುದಿಲ್ಲ.

ಗೋಧಿ ಬಿಯರ್ ಮಳೆಗಾಲಕ್ಕೆ ಇಟ್ಟುಕೊಳ್ಳಿ. ಬಿಸಿ ಜಾಸ್ತಿಯಾದರೆ ಬಾಳೆಹಣ್ಣಿನ ವಾಸನೆ ಮಿತಿ ಮೀರುತ್ತದೆ. ಪಾತ್ರೆ ತಂಪಾಗಿಡಲು ಒದ್ದೆ ಬಟ್ಟೆ ಸುತ್ತುವ ಉಪಾಯ ನಮ್ಮಲ್ಲಿ ಅಷ್ಟು ನಡೆಯುವುದಿಲ್ಲ, ಗಾಳಿಯಲ್ಲೇ ಅಷ್ಟು ತೇವ ಇದೆ ಅಲ್ವಾ. ಪಾತ್ರೆಯನ್ನು ನೀರಿನ ಟಬ್ಬಿನಲ್ಲಿಟ್ಟು, ಐಸ್ ಕಟ್ಟಿದ ನೀರಿನ ಬಾಟಲಿಗಳನ್ನು ಬೆಳಿಗ್ಗೆ ಸಂಜೆ ಬದಲಿಸಿ.

ಇನ್ನೊಂದು ವಿಷಯ. ಸೈಸಾನ್ ಕೆಲವೊಮ್ಮೆ ನಡುವೆ ನಿಂತು ಮತ್ತೆ ಹುಳಿಯಲು ಶುರುವಾಗುತ್ತದೆ. ಸಕ್ಕರೆ ಎಷ್ಟು ಉಳಿದಿದೆ ಎಂದು ತಿಳಿಸುವ ಹೈಡ್ರೋಮೀಟರ್ ಮೂರು ದಿನ ಒಂದೇ ಅಂಕಿ ತೋರಿಸಿದ ಮೇಲೂ ಒಂದು ವಾರ ಕಾಯಿರಿ, ಆಮೇಲೆ ಬಾಟಲಿಗೆ ತುಂಬಿ. ಅವಸರ ಮಾಡಿದರೆ ಒಳಗೆ ಗ್ಯಾಸ್ ತುಂಬಿ ಬಾಟಲಿ ಸಿಡಿದು ಗಾಜು ಹಾರುತ್ತದೆ, ಮಕ್ಕಳಿರುವ ಮನೆಯಲ್ಲಂತೂ ಜಾಗ್ರತೆ.