ತಂತಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ: ಬೈ-ಮೋಡ್ ರೈಲು ಗುರುತಿಸುವುದು ಹೇಗೆ?

ನಮ್ಮ ಅಕ್ಕನ ಮಗಳು ಕಲಬುರಗಿಯಿಂದ ಇಂಗ್ಲೆಂಡಿನ ನಾರ್ವಿಚ್‌ಗೆ ಓದಲು ಹೋಗಿದ್ದಾಳೆ. ಮೊನ್ನೆ ಫೋನ್ ಮಾಡಿ, "ಮಾಮಾ, ಮ್ಯಾಲೆ ತಂತಿನೇ ಇಲ್ಲ, ಆದ್ರೂ ಕರೆಂಟ್ ಗಾಡಿ ಹೊಂಟದ!" ಅಂದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ರೈಲಿನ ಹುಚ್ಚಿರುವವರಿಗೆಲ್ಲ ಉಪಯೋಗವಾಗಲಿ.

ಮೊದಲು ಒಂದು ಮಾತು ತಲೆಯಲ್ಲಿ ಇಟ್ಟುಕೊಳ್ಳಿ. ಅವಳು ನೋಡಿದ ರೈಲಿನಲ್ಲಿ ಚಕ್ರ ತಿರುಗಿಸುವುದು ಯಾವಾಗಲೂ ಕರೆಂಟ್ ಮೋಟಾರೇ. ಡೀಸೆಲ್ ಇಂಜಿನ್ ಬರೀ ಜನರೇಟರ್ ತಿರುಗಿಸುತ್ತದೆ. ಬೇಸಿಗೆ ಮದುವೆಯಲ್ಲಿ ಕರೆಂಟ್ ಹೋದಾಗ ಮಂಟಪದ ಹಿಂದೆ ಜನರೇಟರ್ ಹಚ್ಚುತ್ತಾರೆ, ಫ್ಯಾನ್ ಮಾತ್ರ ಅದೇ ಫ್ಯಾನ್, ಅಲ್ವಾ? ಹಾಗೆಯೇ. 2017ರ ಅಕ್ಟೋಬರ್‌ನಲ್ಲಿ ಬೀದರ್–ಕಲಬುರಗಿ ಮಾರ್ಗ ಶುರುವಾದಾಗ ಓಡಿದ ಡೆಮು ಕೂಡ ಒಳಗೆ ಹೀಗೇ ಕೆಲಸ ಮಾಡುತ್ತದೆ. ಡೀಸೆಲ್ ಎಲೆಕ್ಟ್ರಿಕ್ ಅಂತ ಹೆಸರಲ್ಲೇ ಇದೆ. ಆದರೆ ಅದು ತಂತಿಯಿಂದ ಕರೆಂಟ್ ತೆಗೆದುಕೊಳ್ಳಲಾರದು. ಅವಳು ನೋಡಿದಂಥ ಬೈ-ಮೋಡ್ ರೈಲು ತಂತಿ ಇದ್ದಲ್ಲಿ ತಂತಿಯಿಂದ, ಇಲ್ಲದಲ್ಲಿ ಜನರೇಟರ್‌ನಿಂದ, ಹೀಗೆ ಎರಡೂ ರೀತಿ ಓಡುತ್ತದೆ.

ಹಾಗಾದರೆ ಗುರುತಿಸುವುದು ಹೇಗೆ? ಪ್ಲಾಟ್‌ಫಾರ್ಮಿನಲ್ಲಿ ನಿಂತು ಮೊದಲು ಛಾವಣಿ ನೋಡಿ. ಪ್ಯಾಂಟೋಗ್ರಾಫ್, ಅಂದರೆ ತಂತಿಯಿಂದ ಕರೆಂಟ್ ತೆಗೆದುಕೊಳ್ಳುವ ಮಡಚುವ ತೋಳು, ಇದೆಯಾ? ಎದ್ದು ತಂತಿಗೆ ತಾಗಿದೆಯಾ, ಮಡಚಿ ಮಲಗಿದೆಯಾ? ಮಡಚಿಕೊಂಡೇ ಗಾಡಿ ಓಡುತ್ತಿದ್ದರೆ ಅನುಮಾನ ಶುರುವಾಗಬೇಕು. ಆಮೇಲೆ ಇಂಜಿನ್ ಹುಡುಕಿ. ನಾರ್ವಿಚ್ ಕಡೆ ಓಡುವ ಸ್ಟ್ಯಾಡ್ಲರ್ ಕಂಪನಿಯ ಕ್ಲಾಸ್ 755 ರೈಲಿನಲ್ಲಿ ಇದು ಬಹಳ ಸುಲಭ, ಯಾಕಂದರೆ ಇಂಜಿನ್‌ಗಳೆಲ್ಲ ನಡುವಿನ ಒಂದು ಗಿಡ್ಡ ಡಬ್ಬಿಯಲ್ಲಿ ಕೂತಿವೆ, ಅದರ ಮಧ್ಯದ ಸಣ್ಣ ದಾರಿಯಲ್ಲಿ ಪ್ರಯಾಣಿಕರು ಆಚೆ ಈಚೆ ಓಡಾಡಬಹುದು. 3 ಬೋಗಿಯ ರೈಲಿಗೆ 2 ಇಂಜಿನ್, 4 ಬೋಗಿಯದಕ್ಕೆ 4. ಹಿಟಾಚಿ ಕಂಪನಿಯ ಕ್ಲಾಸ್ 800 ರೈಲಿನಲ್ಲಾದರೆ ಇಂಜಿನ್ ನೆಲದ ಕೆಳಗಿದೆ. ಅದರ 5 ಬೋಗಿಯ ರೈಲಿನಲ್ಲಿ 3 ಇಂಜಿನ್, ಎರಡೂ ತುದಿಯ ಬೋಗಿಗಳಲ್ಲಿ ಇಲ್ಲ. ಸದ್ದು ಬೇಡ ಅನ್ನುವವರು ತುದಿಯಲ್ಲಿ ಸೀಟು ಹಿಡಿಯಿರಿ.

ಬರೀ ಕಿವಿ ನಂಬಬೇಡಿ. ನಿಂತ ರೈಲಿನ ಎಸಿ, ಕಂಪ್ರೆಸರ್ ಕೂಡ ಗುಂಯ್ ಅನ್ನುತ್ತವೆ. ಹೊರಡುವ ಹೊತ್ತಿಗೆ ಕೇಳಿ: ಡೀಸೆಲ್ ಇದ್ದರೆ ಗುಡುಗು ಏರುತ್ತದೆ, ತಂತಿ ಇದ್ದರೆ ಮೋಟಾರಿನ ಸಣ್ಣ ಸಿಳ್ಳೆ.

ಬದಲಾವಣೆ ಹಿಡಿಯಬೇಕಾದರೆ ತಂತಿ ಶುರುವಾಗುವ ಜಾಗ ಮೊದಲೇ ತಿಳಿದಿರಬೇಕು. ನಾರ್ವಿಚ್‌ನಿಂದ ಕೇಂಬ್ರಿಡ್ಜ್‌ಗೆ ಹೋಗುವಾಗ ಬಹುಪಾಲು ದಾರಿಗೆ ತಂತಿಯಿಲ್ಲ, ಈಲಿ ಸ್ಟೇಷನ್‌ನಿಂದ ಮುಂದೆ ಇದೆ. ಅಲ್ಲಿಯದೂ 25,000 ವೋಲ್ಟ್, ನಮ್ಮ ಹಳಿಯ ಮೇಲಿನದೂ ಅಷ್ಟೇ! ಇದು ತಿಳಿದಾಗ ನನಗೆ ತುಂಬಾ ಖುಷಿಯಾಯಿತು.

ಒಂದು ತೊಂದರೆಯನ್ನೂ ಹೇಳಲೇಬೇಕು. ತಂತಿಯ ಕೆಳಗೆ ಓಡುವಾಗಲೂ ಈ ರೈಲು ಆ ಭಾರದ ಇಂಜಿನ್‌ಗಳನ್ನು ಸುಮ್ನೆ ಹೊತ್ತು ತಿರುಗಬೇಕು. ಹಾಗಾಗಿ ಗಾಡಿ ಜಾಸ್ತಿ ಇರುವ ಕಡೆ ತಂತಿ ಎಳೆಯುವುದೇ ಸರಿ ಅನ್ನುವುದು ನನ್ನ ಅಭಿಪ್ರಾಯ. ದಿನಕ್ಕೆ ನಾಲ್ಕಾರು ಗಾಡಿ ಓಡುವ ಕವಲು ದಾರಿಗೆ ಮಾತ್ರ ಬೈ-ಮೋಡ್ ಚೆನ್ನ, ಜನ ನಡುವೆ ಗಾಡಿ ಬದಲಿಸುವ ಗೋಳು ತಪ್ಪುತ್ತದೆ.

ಮುಂದಿನ ವಾರ ಅವಳು ಕೇಂಬ್ರಿಡ್ಜ್‌ಗೆ ಹೊರಟಿದ್ದಾಳೆ. ನಡುವಿನ ಡಬ್ಬಿಯ ಪಕ್ಕದ ಸೀಟಿನಲ್ಲೇ ಕೂತು, ಈಲಿ ಹತ್ತಿರ ಸದ್ದು ರೆಕಾರ್ಡ್ ಮಾಡಿ ಕಳಿಸು ಅಂದಿದ್ದೇನೆ.